ರೈಟರ ಮಳೆ ಬುಕ್ಕು ಮತ್ತು ನನ್ನ ವೈರ್‌ಲೆಸ್ ಡಬ್ಬ

2008ನೇ ಇಸವಿ. ದಸರಾ ಕಳೆದು ವಾರವಾಗಿದ್ದರೂ ನಮ್ಮ ಕಡೆ ಮಳೆ ಬಿಟ್ಟಿರಲಿಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಆಗ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಎಷ್ಟು ಚಿಕ್ಕದು ಅಂದರೆ, ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಛತ್ರಿ ಹಿಡಿದು ಹೊರಗೇ ನಿಲ್ಲಬೇಕು.

ನನ್ನ ಊರು ಗೋಣಿಬೀಡು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಓದಲಿಲ್ಲ. ಮೊದಲು ಛತ್ರಿ, ಟಾರ್ಚು ರಿಪೇರಿ ಮಾಡಿದೆ. ಆಮೇಲೆ ರೇಡಿಯೋ, ಆಮೇಲೆ ಎಸ್‌ಟಿಡಿ ಬೂತು, ಆಮೇಲೆ ಕಂಪ್ಯೂಟರು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಬಿಚ್ಚಿ ನೋಡಿ ಕಲಿತದ್ದು. ಚೌಕಾಸಿ ಮಾತ್ರ ಹುಟ್ಟಿನಿಂದಲೇ ಬಂದದ್ದು. ಹಳೆ ಸಾಮಾನು ಕೊಳ್ಳುವವರಿಗೆ ನಾನು ಈಗಲೂ ಹೇಳುವ ಮಾತೊಂದಿದೆ. ಪೆಟ್ಟಿಗೆಯಲ್ಲಿ ಮೇಲೆ ಇಟ್ಟದ್ದನ್ನು ಪರೀಕ್ಷೆ ಮಾಡಬೇಡಿ, ತಳದಲ್ಲಿರುವುದನ್ನು ತೆಗೆಸಿ ನೋಡಿ. ಮಾರುವವನು ಒಳ್ಳೆಯದನ್ನು ಮೇಲೆಯೇ ಇಟ್ಟಿರುತ್ತಾನೆ.

ಆ ವರ್ಷ ನಾನೇ ಈ ಮಾತು ಮರೆತೆ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ಟು ನಮ್ಮ ಊರಿಗೂ ಬಂದು, ಮನೆಮನೆಯಲ್ಲಿ ವೈರ್‌ಲೆಸ್ ಬೇಕು ಅನ್ನುವ ಕಾಲ. ಬೆಂಗಳೂರಿನಲ್ಲಿ ಯಾವುದೋ ಆಫೀಸು ಖಾಲಿ ಮಾಡುವಾಗ ಹದಿನೆಂಟು ರೂಟರುಗಳು ಒಟ್ಟಿಗೆ ಸಿಕ್ಕವು. ಎರಡು ಕೊಂಬಿನಂಥ ಆಂಟೆನಾ ಇರುವ ಕರಿ ಡಬ್ಬಗಳು. ಮೇಲಿನ ಎರಡನ್ನು ಮಾತ್ರ ನೋಡಿ, ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡು ಹೊತ್ತು ತಂದೆ. ತಂದು ಹಾಕಿದರೆ ದಿನಕ್ಕೆ ಎರಡು ಸಲ ನಿಂತುಹೋಗುತ್ತವೆ. ದೀಪ ಉರಿಯುತ್ತಿರುತ್ತದೆ, ಇಂಟರ್‌ನೆಟ್ಟು ಇರುವುದಿಲ್ಲ. ಪ್ಲಗ್ಗು ಕಿತ್ತು ಮತ್ತೆ ಹಾಕಿದರೆ ಸರಿ.

ಕೆಟ್ಟದ್ದು ಡಬ್ಬ ಅಲ್ಲ, ಅದರೊಳಗೆ ಕಂಪನಿ ತುಂಬಿಸಿ ಕಳಿಸಿದ ಪ್ರೋಗ್ರಾಮು. ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾ ಹೋದಾಗ, ಬೇರೆ ಬೇರೆ ದೇಶದ ಕೆಲವರು ಸೇರಿ ಇಂಥ ಡಬ್ಬಗಳಿಗೆ ತಾವೇ ಫರ್ಮ್‌ವೇರ್ ಬರೆದು, ಯಾರು ಬೇಕಾದರೂ ಹಾಕಿಕೊಳ್ಳಲಿ, ತಿದ್ದಲಿ ಅಂತ ಬಿಟ್ಟಿರುವುದು ಕಾಣಿಸಿತು. ಪುಕ್ಕಟೆ. ಪುಕ್ಕಟೆ ಅಂದರೆ ನನಗೆ ಮೊದಲು ಸಂಶಯ. ಆದರೂ ಒಂದು ಡಬ್ಬಕ್ಕೆ ಹಾಕಿದೆ. ಹಾಕುವಾಗ ಕರೆಂಟು ಹೋಗಿ ಆ ಡಬ್ಬ ಸತ್ತೇ ಹೋಯಿತು. ಎರಡನೆಯದಕ್ಕೆ ಯುಪಿಎಸ್ ಇಟ್ಟು ಹಾಕಿದೆ. ಅಂಗಡಿಯಲ್ಲಿ ಹತ್ತು ದಿನ ನಡೆಯಿತು. ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ ಎಲ್ಲಕ್ಕೂ ಅದನ್ನೇ ತುಂಬಿಸಿ ಒಂದೊಂದಾಗಿ ಮಾರತೊಡಗಿದೆ. ಹಳೆಯದು ಅಂತ ನಾನಾಗಿ ಹೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಲೂ ಇರಲಿಲ್ಲ. ಆದರೆ ಯಾರೂ ಕೇಳಲಿಲ್ಲ.

ಹಾಗೆ ಮಾರಿದವುಗಳಲ್ಲಿ ಒಂದು ಬಾಳೂರು ಕಡೆಯ ಎಸ್ಟೇಟಿಗೆ ಹೋಯಿತು. ಅದರ ಸಾಹುಕಾರರು ಚಿಕ್ಕಮಗಳೂರಿನಲ್ಲಿ ಇದ್ದರು. ವಾರಕ್ಕೆ ಎರಡು ಮೂರು ಸಲ ಜೀಪಿನಲ್ಲಿ ಬಂದು ತೋಟ ನೋಡಿ ಹೋಗುತ್ತಿದ್ದರು. ದಿನದ ಲೆಕ್ಕ ನೋಡಿಕೊಳ್ಳುತ್ತಿದ್ದದ್ದು ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತ, ಕೃಷ್ಣಪ್ಪನವರು. ಇಪ್ಪತ್ತೇಳು ವರ್ಷದಿಂದ ಅಲ್ಲೇ ಇದ್ದವರು. ಅವರ ಹೆಂಡತಿ ಗಿರಿಜಕ್ಕ. ಇಬ್ಬರೂ ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ಇದ್ದರು. ಸಾಹುಕಾರರಿಗೆ ಹೊಸ ಆಸೆ ಹುಟ್ಟಿತ್ತು. ಆಳುಗಳ ಹಾಜರಿ, ಮಳೆ, ಕೆಲಸದ ವಿವರ ಎಲ್ಲ ದಿನಾ ಸಂಜೆ ಐದಕ್ಕೆ ಇ-ಮೇಲಿನಲ್ಲಿ ತಮಗೆ ಬರಬೇಕು. ಟೆಲಿಫೋನ್ ಲೈನು ಇದ್ದದ್ದು ಬಂಗಲೆಯಲ್ಲಿ. ಆಫೀಸು ಕಾಫಿ ಒಣಗಿಸುವ ಕಣದ ಆಚೆ. ಕಣದ ಮೇಲೆ ತಂತಿ ಎಳೆದರೆ ಸಿಡಿಲನ್ನು ಊಟಕ್ಕೆ ಕರೆದ ಹಾಗೆ. ಅದಕ್ಕೇ ಬಂಗಲೆಯ ಜಗುಲಿಯಲ್ಲಿ ನನ್ನ ಡಬ್ಬ ಕೂತಿತು.

ಕೃಷ್ಣಪ್ಪನವರು ಆಗ ಐವತ್ತೆಂಟರವರು. ಒಂದು ಬೆರಳಲ್ಲಿ ಟೈಪು ಮಾಡುತ್ತಿದ್ದರು. ಆದರೂ ಕಲಿತರು. ಕಲಿತ ಮೊದಲ ದಿನ ಮೊಬೈಲಿನಿಂದ ಅಂಗಡಿಗೆ ಫೋನು ಮಾಡಿ, "ಉಮೇಶ, ಹೋಯ್ತು ಮಾರಾಯ! ಟಪ್ಪಂತ ಹೋಯ್ತು! ಅಲ್ಲಿ ತಲುಪ್ತೋ ಏನೋ ನೋಡೋರ್ಯಾರು?" ಅಂದಿದ್ದರು.

ಆದರೆ ಅಲ್ಲಿ ಆ ಡಬ್ಬ ನಿಲ್ಲತೊಡಗಿತು. ದಿನವೂ ಅಲ್ಲ, ಎರಡು ಮೂರು ದಿನಕ್ಕೊಮ್ಮೆ. ಬಂಗಲೆಗೆ ಬೀಗ ಇರುತ್ತಿತ್ತು. ಕೀಲಿ ಸಾಹುಕಾರರ ಹತ್ತಿರ. ಡಬ್ಬದ ಪ್ಲಗ್ಗು ಒಳಗಿನ ಕೋಣೆಯಲ್ಲಿ. ಹಾಗಾಗಿ ನಿಂತರೆ ಸಾಹುಕಾರರು ಮತ್ತೆ ಬರುವವರೆಗೆ ನಿಂತೇ ಇರುತ್ತಿತ್ತು. ಸಂಜೆಯ ಇ-ಮೇಲ್ ಹೋಗುತ್ತಿರಲಿಲ್ಲ. ನಾನು ಹೋಗಿ ಅಡಾಪ್ಟರ್ ಬದಲಾಯಿಸಿದೆ. ವೋಲ್ಟೇಜು ಇರಬಹುದು ಅಂತ ಸ್ಟೆಬಿಲೈಸರ್ ಕೊಟ್ಟೆ. ತೇವ ಇರಬಹುದು ಅಂತ ಗೋಡೆಯಿಂದ ತೆಗೆದು ಹಲಗೆಯ ಮೇಲೆ ಇಟ್ಟೆ. ಇರುವೆ ನುಗ್ಗಿರಬಹುದು ಅಂತ ಬಿಚ್ಚಿ ಊದಿಯೂ ನೋಡಿದೆ. ಅದೇ ಫರ್ಮ್‌ವೇರ್ ನನ್ನ ಅಂಗಡಿಯಲ್ಲಿ ಬಂಡೆಯ ಹಾಗೆ ನಿಂತಿತ್ತು. ಬೇರೆ ಗಿರಾಕಿಗಳ ಹತ್ತಿರವೂ ದೂರು ಇರಲಿಲ್ಲ.

ನವೆಂಬರ್ ಶುರುವಿನ ಒಂದು ಬುಧವಾರ ಮತ್ತೆ ಹೋಗಿದ್ದೆ. ಅವತ್ತು ಸಾಹುಕಾರರೂ ಬಂದಿದ್ದರು. ಜಗುಲಿಯಲ್ಲಿ ಕುರ್ಚಿ ಹಾಕಿ ಲ್ಯಾಪ್‌ಟಾಪಿನಲ್ಲಿ ಕಾಫಿ ರೇಟು ನೋಡುತ್ತಿದ್ದರು. ಡಬ್ಬ ಚೆನ್ನಾಗಿ ನಡೆಯುತ್ತಿತ್ತು. ಕೃಷ್ಣಪ್ಪನವರು ಛತ್ರಿ ಮಡಚಿ ಮೆಟ್ಟಿಲ ಹತ್ತಿರ ನಿಂತಿದ್ದರು. ನನ್ನನ್ನು ನೋಡಿ ಮೆಲ್ಲಗೆ, "ಇವತ್ತು ಊಟ ಮಾಡ್ಕೊಂಡೇ ಹೋಗಬೇಕು. ಗಿರಿಜಾ ಕಡುಬು ಮಾಡಿದಾಳೆ" ಅಂದಿದ್ದರು.

ಸಾಹುಕಾರರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ಏನಯ್ಯಾ ಉಮೇಶ, ನಾನು ಬಂದು ಪ್ಲಗ್ಗು ಕಿತ್ತು ಹಾಕಿದ್ರೆ ಚೆನ್ನಾಗೇ ಇರುತ್ತೆ. ನಾನು ಹೋದ್ಮೇಲೆ ಕೆಡುತ್ತೆ ಅಂತಾರೆ ಕೃಷ್ಣಪ್ಪ. ಡಬ್ಬದ ದೋಷವೋ, ಇಲ್ಲ ಲೆಕ್ಕ ಕಳ್ಸೋಕೆ ಬೇಜಾರೋ?"

ಆಗ ನಾನು ಹೇಳಿದ ಮಾತು ಇವತ್ತಿಗೂ ನನಗೆ ಹಿಡಿಸುವುದಿಲ್ಲ.

"ಡಬ್ಬ ಸರಿ ಇದೆ ಸಾರ್. ನಡೆಸೋರಿಗೆ ಸ್ವಲ್ಪ ಅಭ್ಯಾಸ ಆಗ್ಬೇಕು ಅಷ್ಟೆ."

ಅಷ್ಟೇ. ಬೈದದ್ದಲ್ಲ, ಚಾಡಿ ಹೇಳಿದ್ದಲ್ಲ. ಸಾಮಾನು ಮಾರಿದವನು ಸಾಮಾನಿನ ಪರ ಆಡಿದ ಮಾತು. ಸಾಹುಕಾರರು ಲ್ಯಾಪ್‌ಟಾಪ್ ಮಡಚಿದರು. "ನೋಡಿ ಕೃಷ್ಣಪ್ಪ, ಈ ತಿಂಗಳ ಕೊನೇ ಸೋಮವಾರ ಕೊಯ್ಲು ಶುರು. ಕೊಯ್ಲಲ್ಲಿ ದಿನಾ ಹಣ್ಣಿನ ಲೆಕ್ಕ ನನಗೆ ಬೇಕೇ ಬೇಕು. ಅಷ್ಟರೊಳಗೆ ಸರಿಯಾಗ್ದಿದ್ರೆ ಆಫೀಸನ್ನ ಮೂಡಿಗೆರೆಗೆ ಸಾಗಿಸ್ತೀನಿ. ಕಂಪ್ಯೂಟರ್ ಬಲ್ಲೋರನ್ನ ಇಟ್ಕೊಳ್ತೀನಿ. ನಿಮಗೂ ವಯಸ್ಸಾಯ್ತು" ಅಂದರು.

ಕೃಷ್ಣಪ್ಪನವರು "ಆಗ್ಲಿ ಸಾರ್" ಅಂದರು. ನನ್ನ ಕಡೆ ನೋಡಲಿಲ್ಲ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ ಅನ್ನುವುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. "ಬಾರಯ್ಯಾ, ಮೂಡಿಗೆರೆಗೆ ಬಿಡ್ತೀನಿ" ಅಂತ ಸಾಹುಕಾರರು ಕರೆದದ್ದೇ ಸಾಕು ಅನ್ನಿಸಿ ಜೀಪು ಹತ್ತಿಬಿಟ್ಟೆ. ದಾರಿಯಲ್ಲಿ ಕೊಟ್ಟಿಗೆಹಾರ ದಾಟುವವರೆಗೂ ಸಾಹುಕಾರರು ಕಾಫಿ ರೇಟಿನ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟುತ್ತಾ ಕೂತಿದ್ದೆ.

ಅವತ್ತೇ ಆ ಫರ್ಮ್‌ವೇರ್ ಬರೆಯುವವರ ಗುಂಪಿಗೆ ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಪ್ರೋಗ್ರಾಮು ಕೆಟ್ಟಿದೆ, ತುರ್ತಾಗಿ ಸರಿ ಮಾಡಿ, ಇಲ್ಲಿ ಒಬ್ಬರ ಕೆಲಸ ಹೋಗುತ್ತದೆ ಅಂತ. ಬೆಳಿಗ್ಗೆ ಉತ್ತರ ಬಂದಿತ್ತು. ಬರೆದವನ ಹೆಸರು ಮಾರೆಕ್. ಯುರೋಪಿನ ಯಾವುದೋ ಚಳಿ ಊರಿನವನು. ಹಗಲು ಬೇರೆ ಕೆಲಸ ಮಾಡಿ ಬಿಡುವಿನಲ್ಲಿ ಇದನ್ನು ಮಾಡುವವನಂತೆ. "ಕೆಟ್ಟಿದೆ ಅಂದರೆ ನನಗೇನೂ ತಿಳಿಯುವುದಿಲ್ಲ. ಯಾವಾಗ ನಿಂತಿತು? ಎಷ್ಟು ಸಲ? ಅದಕ್ಕೆ ಮುಂಚೆ ಅಲ್ಲಿ ಏನು ನಡೆಯಿತು? ಡಬ್ಬಕ್ಕೆ ನೆನಪಿನ ಶಕ್ತಿ ಇಲ್ಲ, ಪ್ಲಗ್ಗು ಕಿತ್ತರೆ ಎಲ್ಲ ಮರೆಯುತ್ತದೆ. ನೀವೇ ಬರೆದಿಡಬೇಕು" ಅಂತ ಬರೆದಿದ್ದ. ನನಗೆ ಸಿಟ್ಟು ಬಂತು. ಡಬ್ಬ ಸರಿ ಮಾಡು ಅಂದರೆ ಪೊಲೀಸಿನವರ ಹಾಗೆ ಪ್ರಶ್ನೆ ಕೇಳುತ್ತಾನಲ್ಲ ಅನ್ನಿಸಿತು. ಅಂಗಡಿಗೆ ಬಂದವರಿಗೆಲ್ಲ, ಕಳಸದ ಬಸ್ಸಿನ ಕಂಡಕ್ಟರಿಗೂ, ಅದನ್ನೇ ಹೇಳಿಕೊಂಡೆ.

ಶನಿವಾರ ಕಳಸದ ಬಸ್ಸಿನಿಂದ ಕೃಷ್ಣಪ್ಪನವರು ಇಳಿದು ಅಂಗಡಿಗೆ ಬಂದರು. ಬೈಯಲು ಬಂದಿದ್ದಾರೆ ಅಂತ ಎದ್ದು ನಿಂತೆ. ಅವರು ಕಂಕುಳಿನಿಂದ ಪ್ಲಾಸ್ಟಿಕ್ ಕವರು ಸುತ್ತಿದ ಒಂದು ದಪ್ಪ ಬುಕ್ಕು ತೆಗೆದು ಮೇಜಿನ ಮೇಲಿಟ್ಟರು.

"ಡಬ್ಬದೋರಿಗೆ ಬರ್ದಿದೀಯಂತೆ, ಕಂಡಕ್ಟರ್ ಹೇಳಿದ. ಅವ್ರಿಗೆ ಇದು ಉಪಯೋಗ ಆದೀತಾ ನೋಡು."

ಅದು ಎಸ್ಟೇಟಿನ ಮಳೆ ಬುಕ್ಕು. ನಮ್ಮ ಕಡೆ ಎಸ್ಟೇಟುಗಳಲ್ಲಿ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಳೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ಸು ಅಂತ ಬರೆದಿಡುವ ಪದ್ಧತಿ. ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್ಸು. ಮಳೆ ಬರಲಿಲ್ಲ ಅಂದರೆ ಸೊನ್ನೆ ಅಂತಲೂ ಬರೆಯಬೇಕು. ಕೃಷ್ಣಪ್ಪನವರದ್ದು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಗುಡುಗು, ಗೇಟಿನಲ್ಲಿ ಗಾಡಿ ಒಳಗೆ ಬಂದದ್ದು, ಹೊರಗೆ ಹೋದದ್ದು, ಎಲ್ಲ ಅದರಲ್ಲಿತ್ತು. ಡಬ್ಬ ಬಂದ ದಿನದಿಂದ ಹೊಸದೊಂದು ಗೆರೆ ಎಳೆದು, ಅದು ನಿಂತ ಹೊತ್ತನ್ನೂ ಬರೆದಿದ್ದರು. ಕಂಪ್ಯೂಟರಿನ ಮೂಲೆಯಲ್ಲಿ ಸಂಪರ್ಕ ಕಡಿದ ಗುರುತು ಕಂಡ ಕೂಡಲೇ ಗಡಿಯಾರ ನೋಡಿ ಬರೆಯುತ್ತಿದ್ದರಂತೆ.

"ಬಿಟ್ಟು ಹೋಗಿ ರೈಟ್ರೇ, ಟೈಪ್ ಮಾಡಿ ಕಳಿಸ್ತೀನಿ" ಅಂದೆ.

"ಬಿಟ್ಟು ಹೋಗೋದಾ? ಎಸ್ಟೇಟಿನ ಬುಕ್ಕು ಮಾರಾಯ! ನಾನು ಓದ್ತೀನಿ, ನೀನು ಕುಟ್ಟು."

ಓದಿದರು. ತಾರೀಖು, ಮಳೆ, ಕರೆಂಟು, ಡಬ್ಬ ನಿಂತ ಹೊತ್ತು. ಗೇಟಿನ ಗಾಡಿಗಳದ್ದನ್ನೂ ಓದತೊಡಗಿದಾಗ ನಾನು ತಡೆದೆ.

"ಅದು ಬೇಡ ರೈಟ್ರೇ. ಜೀಪು ಹೋದ್ರೆ ಡಬ್ಬಕ್ಕೇನು? ಫಾರಿನ್‌ನೋರು ನಗ್ತಾರೆ."

"ಬುಕ್ಕಲ್ಲಿ ಇದ್ದದ್ದೆಲ್ಲ ಹಾಕು. ಯಾವ್ದು ಬೇಕು, ಯಾವ್ದು ಬೇಡ ಅಂತ ಓದೋರು ನೋಡ್ಕೊಳ್ತಾರೆ. ಬರಿಯೋರು ಆರಿಸ್ಬಾರದು."

ಹಾಕಿದೆ. ಆ ಬುಧವಾರದ ಸಾಲು ಬಂದಾಗ ಅವರು ಕನ್ನಡಕ ಸರಿ ಮಾಡಿಕೊಂಡು, "ಮಳೆ ಹದಿನೆಂಟು ಸೆಂಟ್ಸು. ಜೀಪು ಔಟ್ ಹನ್ನೊಂದು ಐದು. ಡಬ್ಬ ನಿಂತದ್ದು ಮೂರು ಹತ್ತು" ಅಂತ ಗಡಿಬಿಡಿಯಲ್ಲಿ ಓದಿ ಹಾಳೆ ತಿರುವಿದರು. ಅದರ ಪಕ್ಕ ಇನ್ನೂ ಏನೋ ಬರೆದಿತ್ತು. ನಾನು ಕೇಳಲಿಲ್ಲ.

ನನ್ನ ಆ ಮಾತಿಗೆ ಕ್ಷಮೆ ಕೇಳಬೇಕು ಅಂತ ನಾಲಿಗೆ ತುದಿಯವರೆಗೆ ಬಂತು. ಅಷ್ಟರಲ್ಲಿ ಅವರು ಬುಕ್ಕು ಸುತ್ತಿಕೊಂಡು, "ಬಸ್ ಬಂತು, ಬರ್ತೀನಿ" ಅಂತ ಹೊರಟರು.

ಮಾರೆಕ್‌ನ ಉತ್ತರ ಸೋಮವಾರ ಬಂತು. ಮಳೆಗೂ ಡಬ್ಬಕ್ಕೂ ಸಂಬಂಧ ಇಲ್ಲ, ಸೊನ್ನೆ ಮಳೆಯ ದಿನವೂ ನಿಂತಿದೆ. ಕರೆಂಟಿಗೂ ಸಂಬಂಧ ಇಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ: "ಈ ಜೀಪು ಯಾರದು? ಅದು ಹೊರಟು ಸುಮಾರು ನಾಲ್ಕು ತಾಸು ಕಳೆದ ಮೇಲೆ, ಪ್ರತಿ ಸಲವೂ ಡಬ್ಬ ನಿಂತಿದೆ. ಲಾರಿ ಹೋದಾಗ ನಿಂತಿಲ್ಲ. ಜೀಪಿನಲ್ಲಿ ಏನು ಹೋಗುತ್ತದೆ?"

ನಾನು ಹಾಳೆ ಇಟ್ಟುಕೊಂಡು ಒಂದೊಂದೇ ಸಾಲು ನೋಡಿದೆ. ಒಂಬತ್ತು ಸಲ ನಿಂತಿತ್ತು. ಒಂಬತ್ತೂ ಸಾಹುಕಾರರ ಜೀಪಿನ ಹಿಂದೆ.

ಜೀಪಿನಲ್ಲಿ ಹೋಗುತ್ತಿದ್ದದ್ದು ಲ್ಯಾಪ್‌ಟಾಪು. ಸಾಹುಕಾರರು ರೇಟು ನೋಡಿ, ಹಾಗೇ ಮಡಚಿ, ಸೀಟಿನ ಮೇಲೆ ಎಸೆದು ಹೊರಡುತ್ತಿದ್ದರು. ಮಾರೆಕ್ ಇದನ್ನು ಕೇಳಿ ಬಿಡಿಸಿ ಬರೆದ. ಲ್ಯಾಪ್‌ಟಾಪನ್ನು ಸರಿಯಾಗಿ ಆಫ್ ಮಾಡಿದರೆ ಅದು ಡಬ್ಬಕ್ಕೆ ತಾನು ಹೊರಟೆ ಅಂತ ತಿಳಿಸುತ್ತದೆ. ಸುಮ್ಮನೆ ಮಡಚಿದರೆ ತಿಳಿಸುವುದಿಲ್ಲ. ಡಬ್ಬ ಅದು ನಿದ್ದೆ ಮಾಡುತ್ತಿದೆ, ಎದ್ದೀತು ಅಂದುಕೊಂಡು ಅದರ ಪಾಲಿಗೆ ಬಂದ ಮಾಹಿತಿಯನ್ನೆಲ್ಲ ಎತ್ತಿ ಎತ್ತಿ ಇಡುತ್ತಾ ಹೋಗುತ್ತದೆ. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅಂತ ಪ್ರೋಗ್ರಾಮಿನಲ್ಲಿ ಹೇಳಿರಬೇಕಿತ್ತು, ಅದೇ ತಪ್ಪಿಹೋಗಿತ್ತು. ಜಾಗವೆಲ್ಲ ತುಂಬಿ ಡಬ್ಬ ಉಸಿರುಗಟ್ಟಿ ನಿಲ್ಲುತ್ತದೆ. ನನ್ನ ಅಂಗಡಿಯ ಕಂಪ್ಯೂಟರು, ಬೇರೆ ಗಿರಾಕಿಗಳ ಮನೆಯದ್ದೂ, ಎಲ್ಲಿಗೂ ಎದ್ದು ಹೋಗುವುದಿಲ್ಲ. ಅದಕ್ಕೇ ಅಲ್ಲಿ ಏನೂ ಆಗಿರಲಿಲ್ಲ.

ಕೃಷ್ಣಪ್ಪನವರಿಗೆ ಫೋನಿನಲ್ಲಿ ಹೇಳಿದೆ. ಅವರು ತಡಮಾಡದೆ, "ನಮ್ಮ ಲೈನ್ ಮನೆ ಆಳುಗಳ ಕಾಗದದ ಹಾಗೆ ಅನ್ನು. ಹೇಳದೆ ಕೆಲಸ ಬಿಟ್ಟು ಹೋಗಿರ್ತಾರೆ, ಅವ್ರ ಕಾಗದ ಬರ್ತಾನೇ ಇರುತ್ತೆ, ನಾನು ಡ್ರಾಯರಲ್ಲಿ ಇಡ್ತಾನೇ ಇರ್ತೀನಿ. ಆದ್ರೆ ನಾನು ತಿಂಗಳು ನೋಡಿ ವಾಪಸ್ ಕಳಿಸ್ತೀನಪ್ಪ. ನಿನ್ನ ಡಬ್ಬಕ್ಕೆ ಅಷ್ಟೂ ಬುದ್ಧಿ ಇಲ್ವಾ?" ಅಂದರು. ಇದನ್ನು ಹಾಗೇ ಇಂಗ್ಲಿಷಿಗೆ ಹಾಕಿ ಮಾರೆಕ್‌ಗೆ ಕಳಿಸಿದೆ. ಅವನಿಗೆ ತುಂಬಾ ಹಿಡಿಸಿತು.

ಎರಡು ದಿನದಲ್ಲಿ ಮಾರೆಕ್ ತಿದ್ದಿದ ಫರ್ಮ್‌ವೇರ್ ಕಳಿಸಿದ. ಒಂದು ಷರತ್ತು ಹಾಕಿದ್ದ. ಅದೇ ಲ್ಯಾಪ್‌ಟಾಪು, ಅದೇ ಥರ ಮಡಚಿ, ಅದೇ ಥರ ದೂರ ಒಯ್ದು, ಪ್ರತಿ ಸಲ ನಾಲ್ಕು ತಾಸಿಗಿಂತ ಹೆಚ್ಚು ಕಾಯಬೇಕು. ಹೀಗೆ ಹತ್ತು ಸಲ ನಿಲ್ಲದೆ ನಡೆದರೆ ಮಾತ್ರ ಸರಿಯಾಯಿತು ಅನ್ನಬಹುದು. ಸಾಹುಕಾರರು ಬರುವುದು ವಾರಕ್ಕೆ ಎರಡು ಮೂರು ಸಲ. ಕೊಯ್ಲಿಗೆ ಉಳಿದದ್ದು ಹತ್ತು ದಿನ. ಲ್ಯಾಪ್‌ಟಾಪನ್ನೇ ಕೇಳಿ ಪಡೆಯಬೇಕು. ಕೇಳಬೇಕಾದರೆ ನಾನು ಹೇಳಿದ ಮಾತನ್ನು ನಾನೇ ನುಂಗಬೇಕು.

"ನೀನೇ ಮಾತಾಡು ಮಾರಾಯ. ನಿಮ್ಮ ದೆಸೆಯಿಂದ ನಿಲ್ಲುತ್ತೆ ಅಂತ ನಾನು ಸಾಹುಕಾರ್ರಿಗೆ ಹೇಳೋದು ಹ್ಯಾಗೆ?" ಅಂದರು ಕೃಷ್ಣಪ್ಪ.

ಶುಕ್ರವಾರ ಜಗುಲಿಯಲ್ಲಿ ಸಾಹುಕಾರರ ಮುಂದೆ ನಿಂತೆ. ಕೃಷ್ಣಪ್ಪನವರು ಅದೇ ಮೆಟ್ಟಿಲ ಹತ್ತಿರ. ಚೌಕಾಸಿಯಲ್ಲಿ ನನ್ನದೊಂದು ನಿಯಮ ಇತ್ತು. ನಮ್ಮ ಕೈಯಲ್ಲಿರುವುದನ್ನು ಕೊನೆಗೆ ಬಿಡಬೇಕು, ಮೊದಲು ಕಡಿಮೆಯಿಂದ ಶುರು ಮಾಡಬೇಕು. ಅವತ್ತು ಮೊದಲಿಗೇ ಎಲ್ಲ ಬಿಟ್ಟೆ.

"ಸಾರ್, ಅವತ್ತು ಡಬ್ಬ ಸರಿ ಇದೆ ಅಂದೆ. ಸರಿ ಇರ್ಲಿಲ್ಲ. ಅದು ಹಳೇ ಡಬ್ಬ, ಲಾಟಲ್ಲಿ ತಂದದ್ದು. ಒಳಗಿನ ಪ್ರೋಗ್ರಾಮೂ ನಾನೇ ಹಾಕಿದ್ದು. ರೈಟ್ರದ್ದೇನೂ ತಪ್ಪಿಲ್ಲ."

ಸಾಹುಕಾರರು ಕನ್ನಡಕ ತೆಗೆದರು. "ಹಾಗಾದ್ರೆ ಯಾರದ್ದು ತಪ್ಪು?"

ನಾನು ಬುಕ್ಕು ಬಿಡಿಸಲು ಹೇಳಿ ಗೇಟಿನ ಸಾಲುಗಳನ್ನು ತೋರಿಸಿದೆ. ಅವರು ಬೆರಳಿಟ್ಟು ಎರಡು ಮೂರು ಸಾಲು ನೋಡಿದರು. ಮುಖ ಕೆಂಪಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಕ್ಕರು.

"ನಾನು ಲ್ಯಾಪ್‌ಟಾಪ್ ಮಡಚಿದ್ರೆ ನಿನ್ನ ಡಬ್ಬ ಸಾಯುತ್ತಾ? ಏನಯ್ಯಾ ಇದು, ನನ್ನ ಹೆಂಡ್ತಿನೂ ಇಷ್ಟು ಕಾಯಲ್ಲ!"

"ಒಂದ್ ಹತ್ತು ದಿನ ಲ್ಯಾಪ್‌ಟಾಪ್ ಇಲ್ಲೇ ಬಿಡಿ ಸಾರ್. ಬಂಗಲೆ ಕೀಲಿನೂ ಕೊಟ್ಟು ಹೋಗಿ."

"ಹತ್ತು ದಿನ! ರೇಟು ನೋಡೋದು ಎಲ್ಲಿ? ಎರಡು ದಿನ."

"ನಾನೇ ದಿನಾ ಫೋನ್ ಮಾಡಿ ರೇಟ್ ಹೇಳ್ತೀನಿ. ಮುಂದಿನ ಭಾನುವಾರದ ತನಕ ಕೊಡಿ. ಅಷ್ಟರಲ್ಲಿ ಆಗ್ದಿದ್ರೆ ಡಬ್ಬ ವಾಪಸ್ ತಗೊಳ್ತೀನಿ. ಕೊಯ್ಲು ಮುಗಿಯೋ ತನಕ ದಿನಾ ಸಂಜೆ ನಾನೇ ಇಲ್ಲಿಗೆ ಬಂದು ಲೆಕ್ಕ ಒಯ್ದು, ಅಂಗಡಿಯಿಂದ ನಿಮಗೆ ಕಳಿಸ್ತೀನಿ. ರೈಟ್ರನ್ನ ಮಾತ್ರ ತೆಗೀಬೇಡಿ."

ಮೂಡಿಗೆರೆಯಿಂದ ಬಾಳೂರಿಗೆ, ದಿನಾ ಸಂಜೆ, ಕೊಯ್ಲು ಮುಗಿಯುವವರೆಗೆ. ಸಾಹುಕಾರರು ಲ್ಯಾಪ್‌ಟಾಪನ್ನೂ ಕೀಲಿಯನ್ನೂ ಕೃಷ್ಣಪ್ಪನವರ ಕೈಗೆ ಕೊಟ್ಟರು. ನನ್ನ ಕೈಗೆ ಕೊಡಲಿಲ್ಲ.

ಅವತ್ತೇ ತಿದ್ದಿದ ಫರ್ಮ್‌ವೇರ್ ಹಾಕಿದೆ, ಮಾರನೆಯ ದಿನದಿಂದ ಪರೀಕ್ಷೆ ಶುರು. ಬೆಳಿಗ್ಗೆ ಏಳಕ್ಕೆ ಕೃಷ್ಣಪ್ಪನವರು ಜಗುಲಿಯಲ್ಲಿ ಲ್ಯಾಪ್‌ಟಾಪು ತೆರೆದು, ಸಾಹುಕಾರರ ಹಾಗೇ ಗತ್ತಿನಲ್ಲಿ ರೇಟು ನೋಡಿ, ಟಪ್ಪಂತ ಮಡಚುವುದು. ಪಾರ್ಚ್‌ಮೆಂಟು ಕಾಫಿ ತುಂಬುವ ಗೋಣಿಯಲ್ಲಿ ಸುತ್ತಿ, ಛತ್ರಿ ಹಿಡಿದು, ಗೇಟು ದಾಟಿ, ಹಳ್ಳದ ಆಚೆ ಇದ್ದ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೋಗಿ ಇಟ್ಟು ಬರುವುದು. ಹನ್ನೊಂದೂವರೆಗೆ ನೋಡುವುದು. ಹನ್ನೆರಡಕ್ಕೆ ಮತ್ತೆ ಅದೇ. ಆಳುಗಳೆಲ್ಲ ನಗುತ್ತಿದ್ದರಂತೆ. "ರೈಟ್ರು ಮಗೂನ ಶಾಲೆಗೆ ಬಿಡೋಕೆ ಹೊರಟ್ರು" ಅಂತ ಒಬ್ಬ ಮೇಸ್ತ್ರಿ ಕೂಗಿದ್ದನಂತೆ. ಗೇಟು ದಾಟಿದ ಹೊತ್ತನ್ನು ಬುಕ್ಕಿನಲ್ಲಿ ಅವರೇ ಬರೆದುಕೊಳ್ಳುತ್ತಿದ್ದರು: "ರೈಟರ್ ಔಟ್, 7-10."

ಶನಿವಾರ ಎರಡು ಸಲವೂ ಡಬ್ಬ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆಯದಕ್ಕೆ ನಿಂತುಹೋಯಿತು. ಫೋನಿನಲ್ಲಿ ಕೃಷ್ಣಪ್ಪನವರ ದನಿ ಸಣ್ಣಗಾಗಿತ್ತು. "ನಿಂತ್ಹೋಯ್ತು ಉಮೇಶ. ಗಿರಿಜಾ ಪಾತ್ರೆ ಸಾಮಾನು ಕಟ್ಟೋಕೆ ಪೆಟ್ಟಿಗೆ ಕೆಳಗಿಳಿಸ್ಲಾ ಅಂತಿದಾಳೆ. ನಾನು ಬೇಡ, ಇನ್ನೂ ಒಂದು ವಾರ ಇದೆ ಅಂದಿದೀನಿ."

ಮಾರೆಕ್‌ಗೆ ಬರೆದೆ. ಈ ಸಲ ಕೆಟ್ಟಿದೆ ಅಂತ ಬರೆಯಲಿಲ್ಲ. ಏಳು ಹತ್ತಕ್ಕೆ ಹೊರಟದ್ದು, ಹನ್ನೊಂದು ಇಪ್ಪತ್ತಕ್ಕೆ ನಿಂತದ್ದು, ಮಳೆ ಇಲ್ಲ, ಕರೆಂಟು ಇತ್ತು, ಮಡಚುವ ಮುಂಚೆ ಒಂದು ದೊಡ್ಡ ಫೈಲು ಅರ್ಧ ಇಳಿದಿತ್ತು ಅಂತ ಬರೆದೆ. ಆ ಅರ್ಧ ಫೈಲಿನ ಮಾತು ಅವನಿಗೆ ಬೇಕಾದದ್ದಾಗಿತ್ತು. ಇನ್ನೊಂದು ಮೂಲೆಯಲ್ಲೂ ಅದೇ ತಪ್ಪು ಅಡಗಿದೆ ಅಂತ ಹುಡುಕಿ, ಸೋಮವಾರ ಎರಡನೆಯ ಬಾರಿ ತಿದ್ದಿ ಕಳಿಸಿದ. ನಾನು ಸಂಜೆಯ ಬಸ್ಸಿಗೆ ಹೋಗಿ ಹಾಕಿ ಬಂದೆ.

ಮಂಗಳವಾರದಿಂದ ಶನಿವಾರದವರೆಗೆ ಹತ್ತು ಸಲ. ಹತ್ತೂ ಸಲ ಕೃಷ್ಣಪ್ಪನವರು ಆ ಗೋಣಿ ಹೊತ್ತು ಹಳ್ಳ ದಾಟಿದರು. ಒಂದು ದಿನ ನಾನೂ ಜೊತೆಗೆ ಹೋದೆ. ನಾನು ಹೊರುತ್ತೇನೆ ಅಂದರೆ ಕೊಡಲಿಲ್ಲ. "ನಿನ್ನ ಕೈಗೆ ಕೊಟ್ರೆ ದಾರೀಲೇ ಯಾರಿಗಾದ್ರೂ ಮಾರ್ತೀಯ" ಅಂದರು. ಅವತ್ತು ಅವರು ನಕ್ಕದ್ದು ನೋಡಿ ನನಗೆ ಸ್ವಲ್ಪ ಹಗುರಾಯಿತು.

ಶನಿವಾರ ಸಂಜೆ ಐದಕ್ಕೆ ಫೋನು ಬಂತು. "ಹತ್ತು" ಅಂದರು. ಅಷ್ಟೇ ಹೇಳಿ ಇಟ್ಟರು.

ಭಾನುವಾರ ಸಾಹುಕಾರರು ಬಂದು ವಾರದ ಅಷ್ಟೂ ಇ-ಮೇಲುಗಳನ್ನು ತೆರೆಸಿ ನೋಡಿದರು. ಹೊಗಳಲಿಲ್ಲ. "ಕೃಷ್ಣಪ್ಪ, ನಾಳೆಯಿಂದ ಹಣ್ಣಿನ ಲೆಕ್ಕನೂ ಇದ್ರಲ್ಲೇ ಬರ್ಲಿ" ಅಂದರು. ಲ್ಯಾಪ್‌ಟಾಪು ಮಡಚಿ ಎರಡು ಮೆಟ್ಟಿಲು ಇಳಿದವರು, ತಿರುಗಿ ಹಲಗೆಯ ಮೇಲಿನ ಡಬ್ಬಕ್ಕೆ, "ಬರ್ತೀನಪ್ಪಾ, ಕೇಳಿಸ್ತಾ?" ಅಂದು ಹೋದರು.

ಮಾರೆಕ್ ಆ ತಿದ್ದುಪಡಿಯನ್ನು ಎಲ್ಲರಿಗೂ ಬಿಡುವಾಗ, ದೋಷ ಹುಡುಕಿಕೊಟ್ಟವರ ಹೆಸರು ಹಾಕುವುದು ಪದ್ಧತಿ, ಯಾರ ಹೆಸರು ಹಾಕಲಿ ಅಂತ ಕೇಳಿದ. ನನ್ನ ಹೆಸರು ಟೈಪು ಮಾಡಿದೆ. ಬರೆದವನು ನಾನು, ಓಡಾಡಿದವನು ನಾನು ಅಂತ ಮನಸ್ಸು ವಾದ ಹೂಡಿತು. ಆಮೇಲೆ ಅಳಿಸಿ ಕೃಷ್ಣಪ್ಪ, ರೈಟರ್ ಅಂತ ಹಾಕಿದೆ. ಮಾರೆಕ್ ಸಂತೋಷಪಟ್ಟು, ಅವರು ಯಾವ ಪುಸ್ತಕ ಬರೆದಿದ್ದಾರೆ ಅಂತ ವಿಚಾರಿಸಿದ. ವರ್ಷಕ್ಕೊಂದು ಬರೆಯುತ್ತಾರೆ, ಎಲ್ಲ ಮಳೆಯ ಬಗ್ಗೆ ಅಂತ ಉತ್ತರ ಕೊಟ್ಟೆ. ಹಣ ಎಷ್ಟು ಕೊಡಬೇಕು ಅಂತ ನಾನು ಕೇಳಿದ್ದಕ್ಕೆ ಅವನು ಉತ್ತರವನ್ನೇ ಬರೆಯಲಿಲ್ಲ. ನನ್ನ ಇಡೀ ವ್ಯಾಪಾರದಲ್ಲಿ ಚೌಕಾಸಿಗೆ ಸಿಗದ ಮನುಷ್ಯ ಅವನೊಬ್ಬನೇ.

ಹಳೆ ಡಬ್ಬ ಕೊಂಡಿದ್ದವರ ಮನೆಗೆಲ್ಲ ನಾನೇ ಹೋಗಿ, ಹಳೆಯದು ಅಂತ ಹೇಳಿ, ತಿದ್ದಿದ ಫರ್ಮ್‌ವೇರ್ ಹಾಕಿಕೊಟ್ಟು ಬಂದೆ. ಇಬ್ಬರು ಬೈದರು. ಉಳಿದವರು ಕಾಫಿ ಕೊಟ್ಟರು.

ಎರಡು ವರ್ಷ ಬಿಟ್ಟು ಕೃಷ್ಣಪ್ಪನವರು ತಾವಾಗಿಯೇ ಕೆಲಸ ಬಿಟ್ಟರು. ಗಿರಿಜಕ್ಕನ ತಂಗಿಯ ಊರಾದ ಆಲ್ದೂರಿನಲ್ಲಿ ಮನೆ ಮಾಡಿದರು. ಕೊನೆಯ ದಿನ ಬುಕ್ಕುಗಳನ್ನು ಹೊಸಬರಿಗೆ ಒಪ್ಪಿಸುವಾಗ ನಾನು ಹೋಗಿದ್ದೆ. ಮೇಜಿನ ಮೇಲೆ ಇಪ್ಪತ್ತೊಂಬತ್ತು ಬುಕ್ಕುಗಳು ಸಾಲಾಗಿ ಇದ್ದವು. 2008ರದ್ದು ತೆಗೆದು ಆ ಬುಧವಾರದ ಹಾಳೆ ಬಿಡಿಸಿದೆ. ಅವರು ಓದದೆ ಹಾರಿಸಿದ ಸಾಲು ಅಲ್ಲಿತ್ತು. ಅದೇ ಗುಂಡು ಗುಂಡು ಅಕ್ಷರ.

"ಜೀಪ್ ಔಟ್ 11-05. ಉಮೇಶ ಅದರಲ್ಲೇ ಹೋದರು, ಹೇಳದೆ. ಊಟ ತೆಗೆದಿಟ್ಟಿದೆ."

ನಾನು ಆಡಿದ ಮಾತಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಕೃಷ್ಣಪ್ಪನವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅದು ಹಳೇದು ಬಿಡು ಮಾರಾಯ."

"ಎಷ್ಟು ಹೊತ್ತು ತೆಗೆದಿಟ್ಟಿದ್ರಿ ರೈಟ್ರೇ?"

"ಗಿರಿಜಾನ ಕೇಳು. ಮೂರು ಗಂಟೆ ತನಕ ಮುಚ್ಚಿಟ್ಟಿದ್ಲು. ಮಳೆ ಬಿಟ್ಮೇಲೆ ವಾಪಸ್ ಬರ್ತಾನೆ ಅಂತ."

ಎರಡು ವರ್ಷದಿಂದ ನಾಲಿಗೆ ತುದಿಯಲ್ಲೇ ಉಳಿದಿದ್ದ ಕ್ಷಮೆಯನ್ನು ಅವತ್ತು ಕೇಳಿದೆ. ಅವರು, "ಇದನ್ನ ಬುಕ್ಕಲ್ಲಿ ಬರಿಯಲ್ಲ ಬಿಡು, ನನ್ನ ಕೆಲಸ ಮುಗೀತು" ಅಂದು ಬುಕ್ಕು ಮುಚ್ಚಿದರು.

ಸಾಮಾನು ಕೊಳ್ಳುವವರಿಗೆ, ಮಾರುವವರಿಗೆ ನಾನು ಈಗಲೂ ನೂರು ಸಲಹೆ ಕೊಡುತ್ತೇನೆ. ಅವುಗಳ ಜೊತೆ ಇದೊಂದನ್ನೂ ಸೇರಿಸುತ್ತೇನೆ. ಏನಾದರೂ ಕೆಟ್ಟರೆ ಯಾರನ್ನೂ ದೂರುವ ಮುಂಚೆ ಹದಿನೈದು ದಿನ ಬರೆದಿಡಿ. ಬೇಕಾದದ್ದು, ಬೇಡವಾದದ್ದು ಎಲ್ಲ ಬರೆದಿಡಿ.

ಅವತ್ತು ಗಿರಿಜಕ್ಕ ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ತಟ್ಟೆ ತೆಗೆದು ಬಡಿಸಿದರು. ಕಡುಬು ಇರಲಿಲ್ಲ, ಅನ್ನ ಸಾರು ಇತ್ತು. ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು, ಮೆಟ್ಟಿಲು ಇಳಿಯುವ ಮುಂಚೆ ನಿಂತು, ಇಬ್ಬರಿಗೂ ಬೇರೆ ಬೇರೆಯಾಗಿ "ಬರ್ತೀನಿ" ಅಂತ ಹೇಳಿ ಹೊರಟೆ.